ಗೋಡೆಗೆ ಹೂಂಗುಟ್ಟಿದವಳು

ಮಹತ್ವದ ಸಂಗತಿಗಳನ್ನು ಮುಚ್ಚಿಡಬಾರದು. ಆದ್ದರಿಂದ ಮೊದಲಿಗೇ ಹೇಳಿಬಿಡುವುದು ಒಳ್ಳೆಯದು: ಆ ವರ್ಷ ಬಟ್ಟೆ ಒಗೆಯುವ ಕಾರ್ಖಾನೆಯ ಮಡಿಸುವ ಶೆಡ್ಡಿನಲ್ಲಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರಕ್ಕೆ, ಗೋಡೆಗೆ ಕ್ಲಿಪ್ಪು ಬಡಿಯಲಾಯಿತು. ಬಟ್ಟೆ ಒಣಹಾಕುವಾಗ ಹಗ್ಗಕ್ಕೆ ಸಿಕ್ಕಿಸುತ್ತಾರಲ್ಲ, ಅದರದೇ ಅಣ್ಣನಂಥ ಕಬ್ಬಿಣದ ಕ್ಲಿಪ್ಪು. ಸ್ವತಃ ಸಾಹೇಬರು ಟೇಪು ಹಿಡಿದರು, ಮೇಸ್ತ್ರಿ ಪೆನ್ಸಿಲಿನಲ್ಲಿ ಗುರುತು ಹಾಕಿದ, ಬಡಗಿ ಬಡಿದ. ರಾಜ್ಯಗಳನ್ನು ಪಾಲು ಮಾಡುವಾಗಲೂ ಯಾರೂ ಇಷ್ಟು ಶ್ರದ್ಧೆಯಿಂದ ಅಳತೆ ಮಾಡಿರಲಿಕ್ಕಿಲ್ಲ.

ಬಡಿದಾದ ಮೇಲೆ ಮೇಸ್ತ್ರಿ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಗೋಡೆಯನ್ನು ತಟ್ಟಿ ತೋರಿಸಿದ.

"ನೋಡ್ಕೊಳ್ರೇ ಮುಂಡೇವಾ. ಇದಕ್ಕೆ ಬಾಯಿಲ್ಲ. ಬಸುರಾಗಲ್ಲ. ಸೊಂಟ ನೋವು ಅನ್ನಲ್ಲ, ರಜ ಕೇಳಲ್ಲ. ನಿಮ್ಮಲ್ಲಿ ಅರ್ಧ ಜನಕ್ಕಿಂತ ಈ ಗೋಡೆ ವಾಸಿ."

ಬೈಗುಳವೆಂದುಕೊಂಡು ಅವರು ಕೆಲಸಕ್ಕೆ ಮರಳಿದರು. ಬೈಗುಳ ಅವರಿಗೆ ಹೊಸದೇನಲ್ಲ. ಅರ್ಧ ಜನ ಎಂದದ್ದು ಲೆಕ್ಕ ಹಿಡಿದೇ ಎಂಬುದು ಸಂಜೆ ಗೊತ್ತಾಯಿತು. ಇಪ್ಪತ್ತೆರಡು ಮಂದಿಯಲ್ಲಿ ಹನ್ನೊಂದು ಮಂದಿಗೆ ನಾಳೆಯಿಂದ ಬರಬೇಡಿ ಎಂದರು.

ಇದರ ಹಿಂದಿನ ಜಾಣತನ ತಿಳಿಯಬೇಕಾದರೆ ಬೆಡ್‌ಶೀಟು ಮಡಿಸುವುದು ಹೇಗೆಂದು ತಿಳಿದಿರಬೇಕು. ಆಸ್ಪತ್ರೆ, ಹೋಟೆಲು, ಹಾಸ್ಟೆಲುಗಳಿಂದ ಬಂದ ಬೆಡ್‌ಶೀಟುಗಳು ಒಗೆಸಿಕೊಂಡು, ಹಿಂಡಿಸಿಕೊಂಡು, ಇಸ್ತ್ರಿ ರೋಲರಿನ ಬಾಯಿಂದ ಬಿಸಿಬಿಸಿಯಾಗಿ ಹೊರಗೆ ಬೀಳುತ್ತವೆ. ಅವನ್ನು ಮಡಿಸುವುದು ಇಬ್ಬರ ಕೆಲಸ. ಎದುರುಬದುರು ನಿಂತು ಎರಡೆರಡು ಮೂಲೆ ಹಿಡಿಯಬೇಕು, ಒಮ್ಮೆ ಜಗ್ಗಿ ಸುಕ್ಕು ಬಿಡಿಸಬೇಕು, ಆಮೇಲೆ ಒಬ್ಬಳತ್ತ ಒಬ್ಬಳು ನಡೆದು ಬಂದು ತನ್ನ ಮೂಲೆಗಳನ್ನು ಎದುರಿನವಳ ಕೈಗೆ ಕೊಡಬೇಕು. ಕೆಳಗೆ ಜೋತ ಮಡಿಕೆಯನ್ನೆತ್ತಿ ಹಿಂದೆ ಸರಿಯಬೇಕು; ಮತ್ತೆ ಬರಬೇಕು. ಹೀಗೆ ಮೂರು ಸಲ ಕೂಡಿದರೆ ಒಂದು ಬೆಡ್‌ಶೀಟು ಮುಗಿಯಿತು. ಒಂದು ಜೋಡಿ ದಿನಕ್ಕೆ ನಾನ್ನೂರು ಮಡಿಸಬೇಕು. ಅಂದರೆ ಎದುರಿನವಳ ಮುಖವನ್ನು ದಿನಕ್ಕೆ ಸಾವಿರದ ಇನ್ನೂರು ಸಲ, ಉಸಿರು ತಾಗುವಷ್ಟು ಹತ್ತಿರದಿಂದ ನೋಡಬೇಕು. ಯಾವ ಗಂಡನೂ ಯಾವ ಹೆಂಡತಿಯನ್ನೂ ಹಾಗೆ ನೋಡಿದ ದಾಖಲೆಯಿಲ್ಲ.

ಸಾಹೇಬರು ಇದನ್ನು ಬೇರೆ ಕಣ್ಣಿನಿಂದ ನೋಡಿದ್ದರು. ಇಬ್ಬರಲ್ಲಿ ಒಬ್ಬಳು ಮಾಡುವುದಿಷ್ಟೇ: ಮೂಲೆ ಹಿಡಿದು ನಿಲ್ಲುವುದು. ಅದನ್ನು ಗೋಡೆಯೂ ಮಾಡಬಲ್ಲದು.

ಪ್ರತಿ ಜೋಡಿಯಲ್ಲಿ ಯಾರನ್ನು ಉಳಿಸಿಕೊಳ್ಳುವುದು ಎಂಬುದನ್ನು ಮೇಸ್ತ್ರಿ ಕ್ಷಣದಲ್ಲಿ ತೀರ್ಮಾನಿಸಿದ. ಬಾಯಿ ಜಾಸ್ತಿ ಇದ್ದವಳು ಹೊರಗೆ, ಕಮ್ಮಿ ಇದ್ದವಳು ಒಳಗೆ. ಹೀಗಾಗಿ ಹನ್ನೊಂದು ಮಂದಿ ಹೇಳುವವರು ಹೋದರು. ಹನ್ನೊಂದು ಮಂದಿ ಕೇಳುವವರು ಉಳಿದರು. ಉಳಿದವರು ಮತ್ತೆ ಗುಂಪು ಕಟ್ಟಿಕೊಂಡು ಹರಟೆ ಹೊಡೆಯಬಾರದೆಂದು ಒಬ್ಬೊಬ್ಬಳ ನಡುವೆ ಆಳೆತ್ತರದ ಪ್ಲೈವುಡ್ ಹಲಗೆ ನಿಲ್ಲಿಸಿ ಹನ್ನೊಂದು ಗೂಡು ಮಾಡಿದರು.

ಎಂಟನೆಯ ಗೂಡಿಗೆ ಬಿದ್ದವಳು ಹೂಂ ಅಕ್ಕ.

ಆ ಹೆಸರನ್ನು ಅವಳಿಗೆ ಇಟ್ಟವಳು ಅವಳ ಎದುರಿನವಳು. ಎದುರಿನವಳಿಗೆ ಇಡೀ ಶೆಡ್ಡು ಇಟ್ಟ ಹೆಸರು ರೇಡಿಯೋ. ಹನ್ನೆರಡು ವರ್ಷ ಅವರಿಬ್ಬರೂ ಒಂದೇ ಬೆಡ್‌ಶೀಟಿನ ಎರಡು ತುದಿ. ರೋಲರಿನ ಗದ್ದಲದಲ್ಲಿ ದೂರದಿಂದ ಕೂಗಿದರೆ ಕೇಳಿಸುವುದಿಲ್ಲ, ಮೇಸ್ತ್ರಿಗೆ ಮಾತ್ರ ಕೇಳಿಸುತ್ತದೆ. ಆದ್ದರಿಂದ ರೇಡಿಯೋ ಒಂದು ಉಪಾಯ ಕಂಡುಕೊಂಡಿದ್ದಳು: ಕೂಡಿದಾಗ ಒಂದು ವಾಕ್ಯ. ನಮ್ಮ ಭಾವ ಬಸ್ಸಲ್ಲಿ ಸೀನಿದ ಎನ್ನುವಳು, ಹಿಂದೆ ಸರಿಯುವರು. ಕಟ್ಟಿಸಿದ ಹಲ್ಲು ಹಾರಿ ಮುಂದಿನ ಸೀಟಿನೋಳ ಚೀಲಕ್ಕೆ ಬಿತ್ತು ಎನ್ನುವಳು, ಹಿಂದೆ ಸರಿಯುವರು. ಆಕೆ ಮನೆಗೆ ಹೋಗಿ ಚೀಲ ಬಿಚ್ಚಿದ್ಲು ಎನ್ನುವಷ್ಟರಲ್ಲಿ ಊಟದ ಗಂಟೆ ಹೊಡೆದುಬಿಡುತ್ತಿತ್ತು. ಆ ಹಲ್ಲು ಮರಳಿ ಭಾವನ ಬಾಯಿ ಸೇರಲು ಮೂರು ದಿನ, ಸುಮಾರು ಸಾವಿರ ಬೆಡ್‌ಶೀಟು ಬೇಕಾಯಿತು. ಅಷ್ಟೂ ಉದ್ದಕ್ಕೆ ಇವಳದು ಒಂದೇ ಮಾತು, ಹೂಂ. ಆದರೆ ಆ ಹೂಂನಲ್ಲಿ ನಂಬಿದ ಹೂಂ ಬೇರೆ, ನಂಬದ ಹೂಂ ಬೇರೆ. ಮುಂದೇನಾಯ್ತು ಎಂಬ ಹೂಂ ಬೇರೆ, ಪಾಪ ಎಂಬ ಹೂಂ ಬೇರೆ. ಒಂದೇ ಕೈಯಲ್ಲಿ ಚಪ್ಪಾಳೆ ತಟ್ಟಲಾಗದು ಎನ್ನುತ್ತಾರಲ್ಲ, ರೇಡಿಯೋ ಅದನ್ನು ಬಲ್ಲವಳು. ನೀನು ಹೂಂ ಅನ್ನದಿದ್ರೆ ನಂಗೆ ಕಥೇನೇ ಹುಟ್ಟಲ್ಲ ಕಣೇ ಎಂದು ಅವಳೇ ಒಪ್ಪಿಕೊಂಡಿದ್ದಳು.

ಗೂಡಿಗೆ ಬಂದ ಮೊದಲ ವಾರ ಹೂಂ ಅಕ್ಕ ಎರಡು ಮೂಲೆಯನ್ನು ಕ್ಲಿಪ್ಪಿಗೆ ಸಿಕ್ಕಿಸಿ, ಉಳಿದೆರಡನ್ನು ಹಿಡಿದು ಗೋಡೆಯತ್ತ ನಡೆದಳು. ಹತ್ತಿರ ಬಂದಾಗ ಗೋಡೆಯೇ ಇತ್ತು. ಸುಣ್ಣ ಎದ್ದ ಗೋಡೆ, ಒಂದು ಕಡೆ ಬಿರುಕು, ಬಿರುಕಿನೊಳಗೆ ಇರುವೆ. ಹಿಂದೆ ಸರಿದಳು, ಮತ್ತೆ ಬಂದಳು. ಗೋಡೆಗೂ ಕಿವಿ ಇರುತ್ತೆ ಎಂದು ಹೆದರಿಸುತ್ತಾರೆ; ಗೋಡೆಗೆ ಬಾಯಿ ಇರುತ್ತದೆಂದು ಯಾರೂ ಯಾರಿಗೂ ಹೇಳಿಲ್ಲ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಅವಳು ಮಾತಾಡಿದ್ದು, ಮಾತಾಡಿಸಿಕೊಂಡದ್ದು ಏನೂ ಇಲ್ಲ. ಊಟದ ಹೊತ್ತನ್ನೂ ಮೇಸ್ತ್ರಿ ಗೂಡಿಗೊಂದು ಸಮಯವೆಂದು ಹಂಚಿದ್ದ. ಡಬ್ಬಿ ಬಿಚ್ಚಿ, ನೆಲದ ಮೇಲೆ ಬೆನ್ನು ಬಗ್ಗಿಸಿ ಕೂತು, ತನ್ನ ಬಾಯಿ ಅಗಿಯುವ ಸದ್ದನ್ನು ತಾನೇ ಕೇಳುತ್ತ ತಿನ್ನುತ್ತಿದ್ದಳು. ಅಷ್ಟು ಜೋರಾಗಿ ಅಗಿಯುತ್ತೇನೆಂದು ಅವಳಿಗೆ ಮೊದಲು ಗೊತ್ತೇ ಇರಲಿಲ್ಲ.

ಮೂರನೆಯ ತಿಂಗಳಲ್ಲಿ ಹೂಂ ಬಂತು. ಅದು ಬಂದದ್ದು ಅವಳಿಗೆ ತಿಳಿಯಲಿಲ್ಲ. ಮೊದಲು ಕೇಳಿಸಿಕೊಂಡವನು ಮೇಸ್ತ್ರಿ. ಹಲಗೆಯ ಪಕ್ಕದಿಂದ ಇಣುಕಿ, ಯಾರ ಹತ್ರನೇ ಹೂಂ ಅಂತಿದೀಯಾ ಎಂದ. ಇವಳು ಬೆಚ್ಚಿ ಇಲ್ವಲ್ಲ ಎಂದಳು. ಅವನು ಹೋದ. ಅವಳು ಗೋಡೆಯತ್ತ ನಡೆದು ಮೂಲೆಗಳನ್ನು ಕೂಡಿಸಿದಳು. ಬಾಯಿ ತಾನಾಗಿ ಹೂಂ ಎಂದಿತು.

ಹೂಂ ಮಾತ್ರ ಇದ್ದಿದ್ದರೆ ಚಟ ಎನ್ನಬಹುದಿತ್ತು. ಆಮೇಲೆ ಹೂಂಗೆ ಮುಂಚಿನ ಮಾತೂ ಬಂತು. ಅದು ರೇಡಿಯೋ ದನಿ, ಅದರಲ್ಲಿ ಅನುಮಾನವಿಲ್ಲ. ಮೂಗಿನಿಂದ ಬರುವ ಆ ಸಣ್ಣ ಗರಗರ ಕೂಡ ಹಾಗೇ ಇತ್ತು. ಮೊದಲ ಸಲ ಕೇಳಿಸಿದಾಗ ಹೂಂ ಅಕ್ಕನಿಗೆ ಹೆದರಿಕೆಯ ಬದಲು ಜೀವ ಬಂದ ಹಾಗಾಯಿತು. ಆದರೆ ಗೋಡೆಯೊಳಗಿನ ರೇಡಿಯೋಗೆ ಭಾವನ ಹಲ್ಲಿನ ಕಥೆ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಒಂದೇ ಸಾಲು, ಕೂಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದಳು: ನಿನಗಿಂತ ಗೋಡೆ ವಾಸಿ ಕಣೇ ಮುಂಡೆ. ದಿನಕ್ಕೆ ಎಷ್ಟು ಸಲ ಕೂಡಬೇಕಿತ್ತೋ ಅಷ್ಟೂ ಸಲ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಬಾಯಿಂದ ಒಂದು ಕೆಟ್ಟ ಮಾತು ಆಡದಿದ್ದ ಹೆಂಗಸು, ಮೇಸ್ತ್ರಿಯ ಮಾತನ್ನು ತನ್ನ ದನಿಯಲ್ಲಿ ಆಡುತ್ತಿದ್ದಳು. ಅದಕ್ಕೂ ಇವಳು ಹೂಂ ಎನ್ನುತ್ತಿದ್ದಳು. ಅಭ್ಯಾಸ.

ಒಂದು ಭಾನುವಾರ ಅವಳು ಎರಡು ಬಸ್ಸು ಬದಲಿಸಿ ನಿಜವಾದ ರೇಡಿಯೋವನ್ನು ಹುಡುಕಿಕೊಂಡು ಹೋದಳು. ಕೆಲಸ ಹೋದ ಮೇಲೆ ರೇಡಿಯೋ ತಮ್ಮನ ಮನೆಯಲ್ಲಿದ್ದಳು. ತಮ್ಮನ ಹೆಂಡತಿ ಬಾಗಿಲು ತೆಗೆದು, ಗಂಡನ ಅಕ್ಕನನ್ನು ನೋಡಲು ಜನ ಬರುತ್ತಾರೆಂಬ ಆಶ್ಚರ್ಯವನ್ನು ಮುಚ್ಚಿಡದೆ, ಹಿತ್ತಲಲ್ಲಿದ್ದಾರೆ ಹೋಗಿ ಎಂದಳು. ಇವಳು ಹೋಗುವ ಮುಂಚೆ ತಗ್ಗಿದ ದನಿಯಲ್ಲಿ, ಒಳ್ಳೆಯೋರು, ಬಂದಾಗಿಂದ ತುಟಿ ಎರಡು ಮಾಡಿಲ್ಲ ಎಂದು ಮೆಚ್ಚಿಕೊಂಡಳು.

ರೇಡಿಯೋ ಮೊರದಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು. ತಲೆಯೆತ್ತಿ ನೋಡಿದಳು, ಗುರುತು ಹಿಡಿದಳು, ಮತ್ತೆ ತಲೆ ತಗ್ಗಿಸಿದಳು. ಇವಳೂ ಕೂತು ನಾಲ್ಕು ಕಾಯಿ ಸುಲಿದಳು. ಏನಾದರೂ ಹೇಳುತ್ತಾಳೆಂದು ಕಾದಳು. ಹನ್ನೆರಡು ವರ್ಷ ಕೇಳಿಸಿಕೊಂಡವಳಿಗೆ ಮಾತು ಶುರುಮಾಡುವುದು ಹೇಗೆಂದು ತಿಳಿಯದು. ಕಡೆಗೆ ತನಗೆ ಬರುವ ಒಂದೇ ವಿದ್ಯೆಯಿಂದ, ಪ್ರಶ್ನೆಯ ಹಾಗೆ ಎಳೆದು, ಹೂಂ ಎಂದಳು. ರೇಡಿಯೋ ಕೈ ನಿಂತಿತು. ಬಾಯಿ ತೆರೆಯಿತು. ಬೆರಳಲ್ಲಿದ್ದ ಬಟಾಣಿ ಮೊರಕ್ಕೆ ಬಿತ್ತು, ಅಷ್ಟೇ.

ಎದ್ದು ಹೊರಡುವಾಗ ರೇಡಿಯೋ ಬಾಗಿಲವರೆಗೆ ಬಂದಳು. ಅಲ್ಲಿ ಇವಳ ತೋಳು ಹಿಡಿದು ಕೇಳಿದಳು:

"ನನ್ನ ಜಾಗದಲ್ಲಿರೋಳು ಹೆಂಗೆ ಹಿಡೀತಾಳೆ ಮೂಲೇನ?"

"ಗಟ್ಟಿಯಾಗಿ ಹಿಡೀತಾಳೆ ಅಕ್ಕ," ಎಂದಳು ಇವಳು. "ಬಿಡೋದೇ ಇಲ್ಲ."

ರೇಡಿಯೋ ತಲೆಯಾಡಿಸಿ ಒಳಗೆ ಹೋದಳು. ಬಸ್ಸಿನಲ್ಲಿ ಕೂತ ಮೇಲೆ ಹೂಂ ಅಕ್ಕನಿಗೆ ಹೊಳೆಯಿತು, ತಾನು ಇಡೀ ಮನೆಯಲ್ಲಿ ಕಂಡದ್ದು ಒಂದು ಗೂಡು. ಪ್ಲೈವುಡ್ ಇರಲಿಲ್ಲ, ಅಷ್ಟೇ ವ್ಯತ್ಯಾಸ.

ಕಾರ್ಖಾನೆಯ ಹಿಂದಿನ ಸಾಲುಕೋಣೆಗಳಲ್ಲಿ ಒಂದು ಅವಳದು. ಕೆಲಸ ಇರುವ ತನಕ ಕೋಣೆ. ಗಂಡನೆಂಬವನು ಬೇರೆ ಊರಿನಲ್ಲಿ ಬೇರೆ ಸಂಸಾರ ಹೂಡಿ ವರ್ಷಗಳಾಗಿದ್ದವು. ಅವನ ವಿಷಯ ಅಲ್ಲಿಗೆ ಮುಗಿಯಿತು. ಮನೆಯಲ್ಲಿರುವವಳು ಹದಿನೇಳರ ಮಗಳು, ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುವವಳು. ಮಾತಿನಮಲ್ಲಿ. ರೇಡಿಯೋ ಇಲ್ಲದ ಮೇಲೆ ಇವಳ ಕಿವಿಗೆ ಉಳಿದಿದ್ದ ಆಸರೆ ಅದೊಂದೇ.

ಅದೂ ನಿಂತಿತು. ಸಾಲುಕೋಣೆಗಳಲ್ಲಿ ಸುದ್ದಿ ಗೋಡೆ ದಾಟುವುದಕ್ಕೆ ಬಾಗಿಲು ಬೇಕಿಲ್ಲ. ಎಂಟನೇ ಗೂಡಿನೋಳಿಗೆ ತಲೆ ಕೆಟ್ಟಿದೆಯಂತೆ, ಗೋಡೆಗೆ ಹೂಂಗುಟ್ಟುತ್ತಾಳಂತೆ, ಅವಳಮ್ಮನೂ ಹಾಗೇ ಇದ್ದಳಂತೆ ಎಂಬುದು ನಲ್ಲಿಯ ಹತ್ತಿರ ಮಗಳ ಕಿವಿಗೂ ಬಿತ್ತು. ಅಂದಿನಿಂದ ಹುಡುಗಿ ಮನೆಗೆ ಬಂದರೆ ಬಾಯಿ ಹೊಲಿದುಕೊಂಡಂತೆ ಇರುತ್ತಿದ್ದಳು. ಸೊಪ್ಪು ತೊಳೆಯುವಾಗ ಗುನುಗುತ್ತಿದ್ದವಳು ಗುನುಗುವುದನ್ನು ಬಿಟ್ಟಳು. ಕನ್ನಡಿಯೆದುರು ನಿಂತು ತನ್ನ ತುಟಿಯನ್ನೇ ನೋಡುತ್ತಿದ್ದಳು, ಅದು ತನ್ನನ್ನು ಕೇಳದೆ ಅಲುಗುತ್ತದೇನೋ ಎಂಬಂತೆ. ನಾಲ್ಕು ದಿನ ಹೀಗೆ ಕಳೆದ ಮೇಲೆ ಒಂದು ಸಂಜೆ, ಬೆನ್ನು ಮಾಡಿ ಕೂತು, ಕೇಳಿದಳು.

"ಅಮ್ಮ, ಅಜ್ಜಿಗೆ ಬಂತು, ನಿಂಗೆ ಬಂತು. ನಂಗೂ ಬರುತ್ತಾ?"

ಹೂಂ ಅಕ್ಕನಿಗೆ ಉತ್ತರ ಗೊತ್ತಿತ್ತು. ಹೇಳಿ ಅಭ್ಯಾಸವಿರಲಿಲ್ಲ. ಇಲ್ಲ ಮಗಾ ಎಂದಳು. ಹುಡುಗಿ ತಿರುಗಲಿಲ್ಲ. ಹುಚ್ಚರು ತಮಗೆ ಹುಚ್ಚಿಲ್ಲ ಎಂದೇ ಹೇಳುತ್ತಾರೆ ಎಂಬುದು ಅವಳಿಗೂ ತಿಳಿದಿತ್ತು.

ಅಜ್ಜಿಯ ವಿಷಯ ಇಷ್ಟು: ಅವಳು ಒಂದು ದೊಡ್ಡ ಮನೆಯಲ್ಲಿ ಪಾತ್ರೆ ತೊಳೆಯಲು ಇದ್ದಳು. ಮನೆಯವರು ಬೆಳಿಗ್ಗೆ ಹೊರಡುವಾಗ ಹೊರಗಿನಿಂದ ಬೀಗ ಹಾಕುತ್ತಿದ್ದರು, ಸಂಜೆ ಬಂದು ತೆಗೆಯುತ್ತಿದ್ದರು. ನಂಬಿಕೆಯಿಲ್ಲದ ಮೇಲೆ ಬೀಗವಿರಬೇಕಲ್ಲ. ಹಾಗೆ ಒಂಬತ್ತು ವರ್ಷ. ಆರನೆಯ ವರ್ಷಕ್ಕೆ ಅವಳು ನಲ್ಲಿಯ ಜೊತೆ ಮಾತಾಡತೊಡಗಿದಳು. ಒಂಬತ್ತನೆಯ ವರ್ಷಕ್ಕೆ ನಲ್ಲಿಯೂ ಮಾತಾಡತೊಡಗಿದ್ದರಿಂದ ಅವಳನ್ನು ಬಿಡಿಸಿದರು. ಆಮೇಲೆ ಅವಳು ಮಾರ್ಕೆಟ್ಟಿನಲ್ಲಿ ಈರುಳ್ಳಿ ಆರಿಸಲು ಕೂತಳು. ಅಕ್ಕಪಕ್ಕ ಹದಿನಾಲ್ಕು ಜನ, ಎಲ್ಲರೂ ಒಟ್ಟಿಗೆ ಬೈದಾಡುವವರು. ಒಂದು ವರ್ಷದಲ್ಲಿ ನಲ್ಲಿ ಎಂದರೆ ನೀರು ಬರುವ ಕೊಳವೆ ಎಂಬಷ್ಟಕ್ಕೆ ಬಂದಿದ್ದಳು. ಸಾಯುವ ತನಕ ಹಾಗೇ ಇದ್ದಳು. ಆದರೆ ಹುಚ್ಚು ಬಂದದ್ದು ಊರಿಗೆಲ್ಲ ಗೊತ್ತಾಯಿತು. ಹೋದದ್ದು ಯಾರಿಗೂ ಗೊತ್ತಾಗಲಿಲ್ಲ.

ಮೇಸ್ತ್ರಿ ಒಂದು ಬುಧವಾರ ಬಂದು, ನಾಳೆ ಡಾಕ್ಟರ ಹತ್ರ ಹೋಗು ಎಂದ. ಪಕ್ಕದ ಒಂಬತ್ತನೆಯ ಗೂಡಿನ ಕುಳ್ಳಿ ಎಂಬವಳಿಗೆ ಓದಲು ಬರುತ್ತಿತ್ತು. ಗೇಟಿನ ಹತ್ತಿರ ತೂಗುಹಾಕಿದ ನಿಯಮಗಳ ಹಲಗೆಯನ್ನು ಅವಳು ಸಂಜೆ ಬೆರಳಿಟ್ಟು ಓದಿ ಹೇಳಿದಳು. ಕಾಯಿಲೆ ಕೆಲಸದಿಂದ ಬಂದದ್ದಾದರೆ ಕಂಪನಿ ಔಷಧಿ ಕೊಡಿಸಬೇಕು, ವಾಸಿಯಾಗುವ ತನಕ ಕೋಣೆ ಬಿಡಿಸುವಂತಿಲ್ಲ. ರಕ್ತದಿಂದ ಬಂದದ್ದಾದರೆ ಕಂಪನಿಗೆ ಸಂಬಂಧವಿಲ್ಲ. ಚೀಟಿಯಲ್ಲಿ ಕಾರಣ ಅಂತ ಒಂದು ಜಾಗ ಇರುತ್ತೆ ಅಕ್ಕ, ಅಲ್ಲಿ ಏನು ಬರೀತಾರೆ ನೋಡ್ಕೋ ಎಂದಳು ಕುಳ್ಳಿ. ಹೂಂ ಅಕ್ಕನಿಗೆ ಕೋಣೆಗಿಂತ ಮಗಳು ಬೆನ್ನು ಮಾಡಿ ಕೂತಿದ್ದು ನೆನಪಾಯಿತು. ರಕ್ತದಿಂದ ಬಂದದ್ದಲ್ಲ ಎಂದು ಡಾಕ್ಟರರೇ ಸಹಿ ಹಾಕಿ ಬರೆದುಕೊಟ್ಟರೆ ಹುಡುಗಿ ನಂಬಬಹುದು.

ಡಾಕ್ಟರು ಗುರುವಾರ ಮಾತ್ರ ಬರುವವರು. ಸೋಪಿನ ಡ್ರಮ್ಮು ಇಡುವ ಕೋಣೆಯ ಅರ್ಧದಲ್ಲಿ ಅವರ ಮೇಜು. ಮೇಸ್ತ್ರಿಯೂ ಒಳಗೆ ಬಂದು ಡ್ರಮ್ಮಿಗೆ ಒರಗಿ ನಿಂತ. ಹುಚ್ಚಿಯೊಂದಿಗೆ ಡಾಕ್ಟರನ್ನು ಒಂಟಿಯಾಗಿ ಬಿಡುವುದು ಹೇಗೆ. ಡಾಕ್ಟರು ಕೆಟ್ಟವರಲ್ಲ. ಅವರಿಗೆ ಹನ್ನೆರಡೂವರೆಗೆ ಬೇರೆ ಕಡೆ ಹೋಗಬೇಕಿತ್ತು. ಅಚ್ಚಾದ ಕಾಗದವನ್ನು ಮುಂದಿಟ್ಟುಕೊಂಡು ಹೆಸರು, ವಯಸ್ಸು, ನಿದ್ದೆ, ಊಟ ಎಂದು ಕೇಳುತ್ತ ಕೆಳಗಿಳಿದರು.

"ಯಾರೂ ಇಲ್ಲದಾಗ ಮಾತು ಕೇಳ್ಸುತ್ತಾ?"

"ಕೇಳ್ಸುತ್ತೆ ಸಾರ್."

"ಏನಂತ?"

"ಮೇಸ್ತ್ರಿ ದಿನಾ ಏನಂತಾರೋ ಅದೇ ಸಾರ್."

ಮೇಸ್ತ್ರಿ ನಕ್ಕ. ಡಾಕ್ಟರು ನಗಲಿಲ್ಲ, ಬರೆದುಕೊಂಡರು. ಮುಂದಿನದು, ವಂಶದಲ್ಲಿ ಯಾರಿಗಾದರೂ ಇತ್ತಾ. ಹೂಂ ಅಕ್ಕ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದದ್ದು ಇದನ್ನೇ. ನಮ್ಮಮ್ಮಂಗಿತ್ತು ಸಾರ್ ಎಂದು ಶುರುಮಾಡಿದಳು. ಡಾಕ್ಟರು, ತಾಯಿ ಹೌದು, ಎಂದು ಗುರುತು ಹಾಕಿ ಪುಟ ತಿರುವಿದರು. ಬೀಗದ ವಿಷಯ, ಈರುಳ್ಳಿಯ ವಿಷಯ, ಹೋಯಿತು ಎಂಬ ವಿಷಯ ಅವಳ ನಾಲಿಗೆಯ ಮೇಲೇ ಉಳಿದವು. ಕಾಗದದಲ್ಲಿ ಅದಕ್ಕೆ ಗೆರೆ ಇರಲಿಲ್ಲ.

ಕಡೆಯ ಜಾಗ ಬಂತು. ಅವರು ಬರೆಯಲು ಬಗ್ಗಿದಾಗ ಅವಳು ಮೇಜಿನ ಅಂಚು ಹಿಡಿದಳು.

"ಸಾರ್, ಅಲ್ಲಿ ಗೋಡೆ ಅಂತ ಬರೀರಿ."

"ಗೋಡೆ ಅನ್ನೋದು ಕಾಯಿಲೆ ಅಲ್ಲಮ್ಮ."

"ಕಾಯಿಲೆ ಅಂತ ಬೇಡ ಸಾರ್. ಕಾರಣ ಅಂತ ಬರೀರಿ. ಎದುರಿಗೆ ಮನುಷ್ಯರಿದ್ದಾಗ ಹನ್ನೆರಡು ವರ್ಷ ನಂಗೆ ಏನೂ ಆಗ್ಲಿಲ್ಲ."

ಅವಳ ಜನ್ಮದಲ್ಲಿ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಡ್ರಮ್ಮಿನ ಕಡೆಯಿಂದ ಮೇಸ್ತ್ರಿ ಹೇಳಿದ:

"ಗೋಡೆಯಿಂದ ಹುಚ್ಚು ಹಿಡಿಯೋದಾದ್ರೆ ಮನೆ ಕಟ್ಟೋರೆಲ್ಲ ಹುಚ್ಚಾಸ್ಪತ್ರೇಲಿ ಇರಬೇಕಿತ್ತು ಬಿಡೇ. ಬೀಜದಂತೆ ಬೆಳೆ. ಹುಚ್ಚುಮುಂಡೆ ಹೊಟ್ಟೇಲಿ ಜಾಣೆ ಹುಟ್ತಾಳಾ? ನಿನ್ನ ಮಗಳನ್ನೂ ಒಂದ್ಸಲ ತೋರಿಸ್ಬಿಡು."

ಈ ಸಲ ಡಾಕ್ಟರೂ ಸ್ವಲ್ಪ ನಕ್ಕರು. ಗಂಟೆ ಹನ್ನೆರಡು ಇಪ್ಪತ್ತಾಗಿತ್ತು.

ಸೋಮವಾರ ಚೀಟಿ ಬಂತು. ಕಾರಣದ ಜಾಗದಲ್ಲಿ ವಂಶಪಾರಂಪರ್ಯ ಎಂದು ಬರೆದಿತ್ತು. ಶನಿವಾರದವರೆಗೆ ಕೆಲಸ, ಶನಿವಾರ ಸಂಜೆಯೊಳಗೆ ಕೋಣೆ ಖಾಲಿ. ಕುಳ್ಳಿ ಆ ಪದವನ್ನು ಎರಡು ಸಲ ತಡವರಿಸಿ ಓದಿದಳು. ಮಗಳು ಒಂದೇ ಸಲಕ್ಕೆ ಓದಿದಳು. ಓದಿ, ಮಡಿಸಿ, ಡಬ್ಬದ ಕೆಳಗಿಟ್ಟು, ಗುಂಡಿ ಹೊಲಿಯುವ ಸೂಜಿಗೆ ದಾರ ಪೋಣಿಸಲು ಕೂತಳು. ಕೈ ನಡುಗುತ್ತಿದ್ದುದರಿಂದ ದಾರ ಹೋಗಲಿಲ್ಲ. ಕೈ ನಡುಗುವುದೂ ಅದರದೇ ಲಕ್ಷಣವಿರಬಹುದೆಂದು ಸೂಜಿಯನ್ನು ಕೆಳಗಿಟ್ಟುಬಿಟ್ಟಳು. ಹೂಂ ಅಕ್ಕ ಇದನ್ನೆಲ್ಲ ನೋಡಿದಳು.

ಬುಧವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಅವಳು ಒಂದು ಬೆಡ್‌ಶೀಟನ್ನು ಕ್ಲಿಪ್ಪಿನಿಂದ ಬಿಡಿಸಿದಳು. ಅದನ್ನು ತೋಳಿಗೆ ಹಾಕಿಕೊಂಡು ಹಲಗೆ ಸುತ್ತಿ ಒಂಬತ್ತನೆಯ ಗೂಡಿಗೆ ಹೋದಳು.

ಕುಳ್ಳಿ ಬೆನ್ನು ಮಾಡಿ ನಿಂತಿದ್ದಳು. ಗೋಡೆಗೆ ಹಣೆ ಹತ್ತುವಷ್ಟು ಹತ್ತಿರ ನಿಂತು ಪಿಸಪಿಸ ಎನ್ನುತ್ತಿದ್ದಳು. ಹೂಂ ಅಕ್ಕನನ್ನು ಕಂಡು ಬಾಯಿ ಮುಚ್ಚಿದಳು. ಆಮೇಲೆ, ಅಡಗಿಸಿ ಪ್ರಯೋಜನವಿಲ್ಲವೆಂದು ತಿಳಿದು, ಜಗಳ ಆಡ್ತಿದ್ದೆ ಅಕ್ಕ, ಎಷ್ಟಂದ್ರೂ ತಿರುಗಿ ಒಂದು ಮಾತು ಆಡಲ್ಲ ನೋಡು ಇವಳು ಎಂದಳು. ಆಡದಿದ್ದದ್ದು ಅವಳ ಪುಣ್ಯ ಎಂದು ಹೂಂ ಅಕ್ಕ ಹೇಳಲಿಲ್ಲ. ಎರಡು ಮೂಲೆ ಹಿಡಿದು, ಉಳಿದೆರಡನ್ನು ಮುಂದೆ ಚಾಚಿದಳು. ಕುಳ್ಳಿ ಶೆಡ್ಡಿನ ಬಾಗಿಲ ಕಡೆ ಒಮ್ಮೆ ನೋಡಿ ತೆಗೆದುಕೊಂಡಳು.

ಜಗ್ಗಿ ಸುಕ್ಕು ಬಿಡಿಸಿದರು. ಒಬ್ಬಳತ್ತ ಒಬ್ಬಳು ನಡೆದು ಬಂದರು. ಆಗ ತೊಡಕು ಎದುರಾಯಿತು. ಇಬ್ಬರೂ ಕೇಳುವವರು, ಇಬ್ಬರ ಬಾಯಲ್ಲೂ ಹೂಂ ತಯಾರಾಗಿದೆ, ಹೇಳುವವರಿಲ್ಲ. ಮೂಲೆಗಳನ್ನು ಕೂಡಿಸಿದರು.

"ನಮ್ಮಮ್ಮ ನಲ್ಲಿ ಜೊತೆ ಮಾತಾಡ್ತಿದ್ಲು," ಎಂದಳು ಹೂಂ ಅಕ್ಕ.

"ಹೂಂ," ಎಂದಳು ಕುಳ್ಳಿ.

ಹಿಂದೆ ಸರಿದು ಮತ್ತೆ ಬಂದರು.

"ಒಂಬತ್ತು ವರ್ಷ ಅವಳನ್ನ ಒಳಗಿಟ್ಟು ಹೊರಗಿಂದ ಬೀಗ ಹಾಕೋರು."

"ಹೂಂ."

ಮತ್ತೆ ಬಂದರು.

"ಈರುಳ್ಳಿ ಆರಿಸೋರ ಮಧ್ಯೆ ಹೋಗಿ ಕೂತ್ಲು ನೋಡು, ನಲ್ಲೀನ ಮರೆತೇಬಿಟ್ಲು."

ಕುಳ್ಳಿ ಎಂದದ್ದು ನಂಬಿದ ಹೂಂ. ಬೆಡ್‌ಶೀಟು ಮುಗಿದಿತ್ತು.

ಇನ್ನೊಂದು ತೆಗೆದುಕೊಂಡರು. ಏಳನೆಯ ಗೂಡಿನವಳು ಸದ್ದು ಕೇಳಿ ಇಣುಕಿದಳು, ಆಮೇಲೆ ಆರನೆಯದಕ್ಕೆ ಹೋದಳು. ಅಲ್ಲಿದ್ದವಳು ಗೋಡೆಗೆ ಲೆಕ್ಕ ಒಪ್ಪಿಸುತ್ತಿದ್ದಳು. ಮೂರನೆಯ ಗೂಡಿನವಳು ಕ್ಲಿಪ್ಪಿಗೆ ಸತ್ತ ಅಕ್ಕನ ಹೆಸರಿಟ್ಟಿದ್ದಳು. ಹನ್ನೊಂದನೆಯ ಗೂಡಿನ ಮುದುಕಿ ಇಡೀ ದಿನ ಬರಿದೇ ಅಳುತ್ತಿದ್ದಳು. ರೋಲರಿನ ಗದ್ದಲದಲ್ಲಿ ಒಬ್ಬಳದು ಇನ್ನೊಬ್ಬಳಿಗೆ ಕೇಳಿಸಿರಲಿಲ್ಲ. ಹೂಂ ಅಕ್ಕನ ಹೂಂ ಸ್ವಲ್ಪ ಗಟ್ಟಿ, ಅದಕ್ಕೇ ಸಿಕ್ಕಿಬಿದ್ದಿದ್ದಳು, ಅಷ್ಟೇ. ಅರ್ಧ ಗಂಟೆಯಲ್ಲಿ ಐದು ಜೋಡಿಗಳು ರೋಲರಿನ ಮುಂದಿನ ಬಯಲಿಗೆ ಬಂದು ನಿಂತಿದ್ದವು. ಮುದುಕಿಯೊಬ್ಬಳೇ ಉಳಿದಳು, ಕೈಯಲ್ಲಿ ನಾಲ್ಕೂ ಮೂಲೆ ಹಿಡಿದುಕೊಂಡು.

ಟೀ ಕುಡಿದು ಬಂದ ಮೇಸ್ತ್ರಿ ಮೊದಲು ಸಿಕ್ಕಿದ್ದು ಅವಳಿಗೆ. ಅವಳು ಯಾವ ದುರುದ್ದೇಶವೂ ಇಲ್ಲದೆ ಎರಡು ಮೂಲೆಯನ್ನು ಅವನ ಕೈಗೆ ಕೊಟ್ಟಳು. ಅವನೂ, ಕೊಟ್ಟದ್ದನ್ನು ಹಿಡಿಯುವ ಮನುಷ್ಯಸಹಜ ಗುಣದಿಂದ, ಹಿಡಿದ. ಮುದುಕಿ ಜಗ್ಗಿದಳು. ಅವನು ಎರಡು ಹೆಜ್ಜೆ ಮುಂದೆ ನಡೆದ. ಆಮೇಲೆ ತಾನು ಮೇಸ್ತ್ರಿ ಎಂಬುದು ನೆನಪಾಗಿ ಬೆಡ್‌ಶೀಟನ್ನು ನೆಲಕ್ಕೆಸೆದು ತುಳಿದ.

"ಏನ್ರೇ ಇದು ಹಲ್ಕಾಗಳಾ? ಗೂಡಿಗೆ ಹೋಗ್ರೇ. ಒಬ್ಬಳಿಗೆ ಹಿಡಿದಿದ್ದು ಸಾಲದೂಂತ ಎಲ್ಲರಿಗೂ ಹಿಡೀತೇನ್ರೇ ಹುಚ್ಚು?"

ಯಾರೂ ಹೋಗಲಿಲ್ಲ. ಯಾರೂ ಬೈಯಲಿಲ್ಲ, ಕೂಗಲಿಲ್ಲ. ಕೂಡುತ್ತ, ಸರಿಯುತ್ತ, ತಂತಮ್ಮ ವಾಕ್ಯಗಳನ್ನು ಹೇಳುತ್ತಲೇ ಇದ್ದರು. ಹನ್ನೊಂದು ಮಂದಿ ಮೂಕಿಯರಲ್ಲಿ ಅಷ್ಟೊಂದು ಕಥೆಗಳಿದ್ದವೆಂದು ಅವರಿಗೂ ಗೊತ್ತಿರಲಿಲ್ಲ. ಮೇಸ್ತ್ರಿ ರೋಲರನ್ನು ನಿಲ್ಲಿಸಿದ. ಗದ್ದಲ ನಿಂತ ಮೇಲೆ ಮಾತುಗಳೆಲ್ಲ ಇನ್ನೂ ಚೆನ್ನಾಗಿ ಕೇಳಿಸಿದವು. ಅವನು ಸಾಹೇಬರ ಕೋಣೆಗೆ ಓಡಿದ.

ಕೆಲಸ ನಿಲ್ಲಿಸಿದರೆ ಮುಷ್ಕರ ಎನ್ನಬಹುದು. ಇವರು ಮಡಿಸುತ್ತಿದ್ದರು, ಇಬ್ಬಿಬ್ಬರಾಗಿ. ಅದಕ್ಕೆ ನಿಯಮಗಳ ಹಲಗೆಯಲ್ಲಿ ಹೆಸರಿರಲಿಲ್ಲ. ಸಾಹೇಬರು ಬಹಳ ಯೋಚಿಸಿ ಇದು ಕಾಯಿಲೆಯೇ ಇರಬೇಕೆಂದು ಕಂಡುಕೊಂಡರು. ಮಾರನೆಯ ದಿನ ಗುರುವಾರ, ಅನುಕೂಲವೇ ಆಯಿತು. ಡಾಕ್ಟರು ಹನ್ನೆರಡೂವರೆಯೊಳಗೆ ಹನ್ನೊಂದು ಮಂದಿಯನ್ನೂ ನೋಡಿ ಮುಗಿಸಿದರು. ಹೂಂ ಅಕ್ಕನದು ಹಳೆಯ ಕಾಗದವೇ ಇತ್ತು. ಉಳಿದ ಹತ್ತನ್ನೂ ಅದನ್ನು ನೋಡಿಕೊಂಡು ತುಂಬಿದರು. ಗೋಡೆಯೊಡನೆ ಮಾತಾಡುತ್ತೀಯಾ ಎಂದರೆ ಎಲ್ಲರೂ ಹೌದು ಎಂದಿದ್ದರು. ಕುಳ್ಳಿ, ಗೋಡೆ ಅಂತ ಬರೀರಿ ಸಾರ್ ಎಂದಳು. ಮುದುಕಿಯೂ ಅದನ್ನೇ ಅಂದಳು. ಹನ್ನೊಂದು ಬಾಯಲ್ಲೂ ಒಂದೇ ಮಾತು ಬಂದರೆ ಅದು ಇನ್ನಷ್ಟು ಕೆಟ್ಟ ಲಕ್ಷಣವೆಂದು ಡಾಕ್ಟರು ಮೇಸ್ತ್ರಿಗೆ ವಿವರಿಸಿದರು.

ಶನಿವಾರ ಮಧ್ಯಾಹ್ನ ಮಗಳು ಅಂಗಡಿಯಿಂದ ಬೇಗ ಬಂದಳು, ಸಾಮಾನು ಹೊರಲು. ಚಾಪೆ, ಡಬ್ಬ, ಎರಡು ಪಾತ್ರೆ, ಒಂದು ಕನ್ನಡಿ; ಒಂದೇ ಸಲಕ್ಕೆ ಆಗುವಷ್ಟು ಸಂಸಾರ. ಅವಳು ಗೇಟಿನ ಹತ್ತಿರ ನಿಂತುಬಿಟ್ಟಳು. ನಿಯಮಗಳ ಹಲಗೆಯ ಪಕ್ಕ ಹೊಸ ಪಟ್ಟಿಯೊಂದನ್ನು ಅಂಟಿಸಿದ್ದರು. ಹನ್ನೊಂದು ಹೆಸರು, ಪ್ರತಿ ಹೆಸರಿನ ಎದುರು ಕಾಯಿಲೆ, ಕಾಯಿಲೆಯ ಎದುರು ಕಾರಣ. ಹುಡುಗಿ ಮೇಲಿನಿಂದ ಕೆಳಗೆ ಓದಿದಳು, ಕೆಳಗಿನಿಂದ ಮೇಲೆ ಓದಿದಳು. ಹೂಂ ಅಕ್ಕ ಚಾಪೆ ಕಂಕುಳಲ್ಲಿಟ್ಟುಕೊಂಡು ಅವಳ ಹಿಂದೆ ಬಂದು ನಿಂತಳು.

"ಅಮ್ಮ, ನೀವು ಹನ್ನೊಂದು ಜನಾನೂ ಒಂದೇ ತಾಯಿ ಮಕ್ಕಳಾ?"

"ಯಾಕೆ ಮಗಾ?"

"ಹನ್ನೊಂದು ಜನಕ್ಕೂ ವಂಶಪಾರಂಪರ್ಯ ಅಂತ ಬರೆದಿದ್ದಾನೆ."

ಕುಳ್ಳಿ ಉತ್ತರದ ಕಡೆಯಿಂದ ಬಂದವಳು, ಮುದುಕಿ ಕಡಲ ಕಡೆಯವಳು, ಮೂರನೆಯ ಗೂಡಿನವಳ ತಾಯ್ನುಡಿಯೇ ಬೇರೆ. ಹುಡುಗಿಗೆ ಎಲ್ಲರೂ ಗೊತ್ತಿದ್ದವರೇ. ಅವಳು ಪಟ್ಟಿಯನ್ನು ಇನ್ನೊಮ್ಮೆ ನೋಡಿದಳು. ಆಮೇಲೆ, ಎಷ್ಟೋ ದಿನವಾದ ಮೇಲೆ, ಬಾಯಿಗೆ ಕೈ ಅಡ್ಡ ಹಿಡಿಯದೆ ಜೋರಾಗಿ ನಕ್ಕಳು. ಕಾವಲಿನವನು ತಿರುಗಿ ನೋಡಿದ. ಹುಡುಗಿ ಅಮ್ಮನ ಕಂಕುಳಿನಿಂದ ಚಾಪೆಯನ್ನು ಕಿತ್ತು ತಾನು ತಲೆಯ ಮೇಲಿಟ್ಟುಕೊಂಡು, ದರ್ಜಿ ಅಂಗಡಿಯಲ್ಲಿ ಆ ದಿನ ನಡೆದದ್ದನ್ನೆಲ್ಲ ಹೇಳುತ್ತ ಮುಂದೆ ಮುಂದೆ ನಡೆದಳು.

ಪಟ್ಟಿಯಲ್ಲಿದ್ದ ಉಳಿದ ಹತ್ತು ಮಂದಿಯನ್ನು ಕೆಲಸದಿಂದ ತೆಗೆಯಲಿಲ್ಲ. ಬೆಡ್‌ಶೀಟುಗಳು ರಾಶಿ ಬಿದ್ದಿದ್ದವು. ಸೋಮವಾರ ಬೆಳಿಗ್ಗೆ ಏಳಕ್ಕೆ ಅವರು ಎಂದಿನಂತೆ ಹಾಜರಾದರು, ಎಂಟನೆಯ ಗೂಡಿಗೆ ಮೇಸ್ತ್ರಿ ಹೊಸಬಳೊಬ್ಬಳನ್ನು ನಿಲ್ಲಿಸಿದ.